ಸರ್ವೇಯರ್ ಜನರಲ್ ಕಾಲಿನ್ ಮೆಕೆಂಜಿ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕುಲಕರ್ಣಿ, ಶಾನುಭಾಗ, ಪಾಟೀಲ, ದೇಸಾಯಿ, ನಾಡಗೌಡ ಎಂಬ ಅಡ್ಡಹೆಸರುಗಳಿಗೆ ಕೊರತೆಯಿಲ್ಲ. ಇವು ಮೊದಲು ಮನೆತನದ ಹೆಸರುಗಳಾಗಿರಲಿಲ್ಲ, ಉದ್ಯೋಗದ ಹೆಸರುಗಳಾಗಿದ್ದುವು. ಊರಿನ ಹೊಲಗದ್ದೆಗಳ ಲೆಕ್ಕ ಬರೆದವನು ಉತ್ತರದಲ್ಲಿ ಕುಲಕರ್ಣಿ, ದಕ್ಷಿಣದಲ್ಲಿ ಶಾನುಭೋಗ. ಊರಿನ ಹಿರಿತನ ವಹಿಸಿ ಕಂದಾಯ ಎತ್ತಿಸಿಕೊಟ್ಟವನು ಪಾಟೀಲ ಅಥವಾ ಗೌಡ. ಹಲವು ಊರುಗಳ ಮೇಲೆ ಅಧಿಕಾರ ನಡೆಸಿದವನು ದೇಸಾಯಿ. ಭೂಮಿಯ ಲೆಕ್ಕವನ್ನು ಬಲ್ಲವನಿಗೆ ಒಂದು ಹೆಸರು ಬೇಕು, ಆ ಹೆಸರಿಗೆ ಆಳುವವರ ಒಪ್ಪಿಗೆಯೂ ಊರವರ ನಂಬಿಕೆಯೂ ಬೇಕು ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಹಳೆಯದು.

ಇಂದಿನ ಮುಂಬಯಿಯಲ್ಲಿಯೂ ಈ ಮಾತು ಹಳತಾಗಿಲ್ಲ. ಹೊಸ ಕಟ್ಟಡಗಳಲ್ಲಿ ಮನೆ ಕೊಡಿಸುವ ದಲ್ಲಾಳಿಯು ೨೦೧೬ರ ಕಾಯಿದೆಯ ಮೇರೆಗೆ ರೇರಾ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಲಂಡನ್ನಿನಲ್ಲಿ ೧೮೬೮ರಲ್ಲಿ ಹುಟ್ಟಿ ೧೮೮೧ರಲ್ಲಿ ರಾಜಸನ್ನದು ಪಡೆದ ಸರ್ವೇಯರರ ಸಂಸ್ಥೆಯು ಚಾರ್ಟರ್ಡ್ ಸರ್ವೇಯರ್ ಎಂಬ ಹೆಸರನ್ನು ತನ್ನ ಸದಸ್ಯರ ಪಾಲಿಗೆ ಮೀಸಲಾಗಿ, ಒಂದು ಟ್ರೇಡ್ ಮಾರ್ಕಿನಂತೆ, ಕಾಯ್ದುಕೊಂಡು ಬಂದಿದೆ. ಹೆಸರು ಯಾರದು, ಕೆಲಸ ಯಾರದು ಎಂಬ ಪ್ರಶ್ನೆ ಈ ಉದ್ಯೋಗದ ಬೆನ್ನಿಗೇ ಹುಟ್ಟಿ ಬಂದುದು. ಅದನ್ನು ಅರಿಯಬೇಕಾದರೆ ಕರ್ನಲ್ ಕಾಲಿನ್ ಮೆಕೆಂಜಿಯ ಜೀವನವನ್ನು ನೋಡಬೇಕು. ಸಮಗ್ರ ಭಾರತದ ಸರ್ವೇಯರ್ ಜನರಲ್ ಎಂಬ ಹೆಸರನ್ನು ಮೊಟ್ಟಮೊದಲು ಹೊತ್ತವನು ಅವನು. ಆ ಹೆಸರಿಗೆ ಬೇಕಾದ ಅರ್ಹತೆಯನ್ನು ಅವನು ಸಂಪಾದಿಸಿದುದು ನಮ್ಮ ಕನ್ನಡ ನಾಡಿನ ಹೊಲ, ಕಾಡು, ಗುಡ್ಡಗಳಲ್ಲಿ.

ಮೆಕೆಂಜಿಯು ಸುಮಾರು ೧೭೫೪ರಲ್ಲಿ ಸ್ಕಾಟ್‌ಲಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೋವೇ ಎಂಬ ಸಣ್ಣ ಬಂದರಿನಲ್ಲಿ ಹುಟ್ಟಿದನು. ಪ್ರಾಯದಲ್ಲಿ ಅಲ್ಲಿಯ ಸುಂಕದ ಕಚೇರಿಯಲ್ಲಿ ಅಧಿಕಾರಿಯಾಗಿದ್ದನು. ಗಣಿತದಲ್ಲಿ ಅವನಿಗೆ ಬಹಳ ಆಸಕ್ತಿ. ಲಾಗರಿದಮ್ ಕಂಡುಹಿಡಿದ ನೇಪಿಯರನ ವಂಶಸ್ಥರೊಬ್ಬರು ಆ ಪೂರ್ವಜನ ಚರಿತ್ರೆಯನ್ನು ಬರೆಯಹೊರಟಾಗ, ಹಿಂದೂಗಳ ಗಣಿತದ ವಿಷಯವನ್ನು ಸಂಗ್ರಹಿಸುವ ಕೆಲಸದಲ್ಲಿ ಇವನು ನೆರವಾದನು. ಭಾರತದತ್ತ ಅವನ ಮನಸ್ಸು ತಿರುಗಿದುದು ಹೀಗೆ. ೧೭೮೩ರಲ್ಲಿ, ಮೂವತ್ತರ ಹತ್ತಿರದ ವಯಸ್ಸಿನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಸೇರಿ ಮದ್ರಾಸಿನಲ್ಲಿ ಬಂದಿಳಿದನು. ಆ ಮೇಲೆ ಮೂವತ್ತೆಂಟು ವರ್ಷ ಬದುಕಿದನು. ಹುಟ್ಟೂರನ್ನು ಮಾತ್ರ ಮತ್ತೆ ಕಾಣಲಿಲ್ಲ. ಉದ್ಯೋಗಕ್ಕಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವನು ಸೇನೆಯ ಎಂಜಿನಿಯರನಾದನು. ಟೀಪು ಸುಲ್ತಾನನ ಮೇಲೆ ನಡೆದ ಯುದ್ಧಗಳಲ್ಲಿ ಭಾಗವಹಿಸಿದನು. ೧೭೯೨ರ ಯುದ್ಧ ಮುಗಿದ ಬಳಿಕ ನಿಜಾಮನ ಸೀಮೆಯಲ್ಲಿ ಅಳತೆಯ ಕೆಲಸ ಮಾಡಿದನು. ಆ ಕಾಲದಲ್ಲಿಯೇ, ಸುಮಾರು ೧೭೯೬ರಲ್ಲಿ, ಏಲೂರಿನ ಕಡೆಯ ಕಾವಲಿ ವೆಂಕಟ ಬೋರಯ್ಯ ಎಂಬ ತರುಣನು ದುಭಾಷಿಯಾಗಿ ಅವನ ಬಳಿ ಸೇರಿದನು. ಮೆಕೆಂಜಿಗೆ ಈ ದೇಶದ ಭಾಷೆಗಳು ಬರುತ್ತಿರಲಿಲ್ಲ. ಇದನ್ನು ಅವನೇ ಮುಂದೆ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಜನರ ಮಾತು ಅವನಿಗೆ ತಿಳಿದುದು ಬೋರಯ್ಯನ ಮೂಲಕ. ಆದರೆ ಸರಕಾರದ ಕಾಗದಗಳಲ್ಲಿ ಒಬ್ಬನು ಸರ್ವೇಯರ್, ಇನ್ನೊಬ್ಬನು ದುಭಾಷಿ.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಗೆದ್ದವರು ಕೂಡಿ ಟೀಪುವಿನ ರಾಜ್ಯವನ್ನು ಹಂಚಿಕೊಂಡರು. ಕೆಲವು ಸೀಮೆ ಕಂಪನಿಗೆ, ಕೆಲವು ನಿಜಾಮನಿಗೆ; ನಡುವಿನ ಭಾಗ ಬಾಲಕನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ. ಹಂಚಿಕೆಯ ಕರಾರಿನಲ್ಲಿ ಇದ್ದುದು ತಾಲೂಕುಗಳ ಹೆಸರು ಮತ್ತು ಅವುಗಳ ಹುಟ್ಟುವಳಿಯ ಮೊತ್ತ. ಒಂದು ತಾಲೂಕು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆಂಬ ಗೆರೆ ಯಾವ ಕಾಗದದಲ್ಲಿಯೂ ಇರಲಿಲ್ಲ. ಆ ಗೆರೆಯನ್ನು ನೆಲದ ಮೇಲೆ ಹುಡುಕಿ ನಕ್ಷೆಯಲ್ಲಿ ಕಾಣಿಸುವ ಕೆಲಸ ಅದೇ ವರ್ಷ ಮೆಕೆಂಜಿಯ ಪಾಲಿಗೆ ಬಂದಿತು. ಇದೇ ಮೈಸೂರು ಸರ್ವೆ.

ಇಲ್ಲಿ ನಾವು ಒಂದು ಮಾತನ್ನು ಮರೆಯಬಾರದು. ಕನ್ನಡ ನಾಡು ಮೈಸೂರು, ಮದ್ರಾಸು, ಮುಂಬಯಿ, ಹೈದರಾಬಾದು ಎಂದು ಚೂರುಚೂರಾದುದರಲ್ಲಿ ೧೭೯೯ರ ಈ ಹಂಚಿಕೆಗೆ ದೊಡ್ಡ ಪಾಲು ಇದೆ. ಕೆನರಾ ಸೀಮೆ ಕಂಪನಿಗೆ ಹೋಗಿ ಮದ್ರಾಸಿಗೆ ಸೇರಿತು; ಅದರ ಉತ್ತರ ಭಾಗ ೧೮೬೨ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಬಂದಿತು. ೧೯೫೬ರ ನವೆಂಬರ್ ೧ರಂದು ಒಂದಾದ ನಾಡಿನ ಒಡಕುಗಳಲ್ಲಿ ಕೆಲವನ್ನು ಮೊದಲು ಅಳೆದವನು ಮೆಕೆಂಜಿ. ಗೆರೆ ಅವನು ಹಾಕಿದುದಲ್ಲ, ಅರಸುತನದ ವ್ಯವಹಾರ ಹಾಕಿದುದು. ಆದರೆ ಅದು ನಕ್ಷೆಗೆ ಇಳಿದುದು ಅವನ ಕೈಯಿಂದ.

ಗೆರೆಯನ್ನು ಹುಡುಕುವುದು ಹೇಗೆ? ಥಿಯೊಡೊಲೈಟಿನಿಂದ ಗುಡ್ಡದಿಂದ ಗುಡ್ಡಕ್ಕೆ ಕೋನ ಅಳೆದು ತ್ರಿಕೋನಗಳ ಜಾಲ ಕಟ್ಟಬಹುದು. ಎರಡು ಊರುಗಳ ನಡುವಿನ ಹಳ್ಳ ಯಾರದು, ಆಚೆಯ ಬಾಣೆ ಯಾರದು ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಅದನ್ನು ಹೇಳಬಲ್ಲವರು ಗೌಡ, ಶಾನುಭೋಗ, ತೋಟಿ, ತಳವಾರರು. ಶಾನುಭೋಗನ ಮನೆಯ ಗಳುವಿನ ಮೇಲೆ ಮಡಿಸಿಟ್ಟ ಕಡತಗಳಿದ್ದುವು. ಗುಡಿಯ ಮುಂದೆ ಶಾಸನದ ಕಲ್ಲುಗಳಿದ್ದುವು. ದಾನ ಕೊಟ್ಟ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಯನ್ನು ಅವುಗಳಲ್ಲಿ ಕೊರೆದಿರುತ್ತಿದ್ದರು. ಹೊಲದ ಬದುವಿನಲ್ಲಿ ಗುರುತಿನ ಕಲ್ಲುಗಳಿದ್ದುವು: ಶಿವಾಲಯದ ಭೂಮಿಗೆ ಲಿಂಗಮುದ್ರೆ, ವಿಷ್ಣುವಿನ ಸಂಬಂಧದ ದತ್ತಿಗೆ ವಾಮನಮುದ್ರೆ, ಬಸದಿಯ ಭೂಮಿಗೆ ಮುಕ್ಕೊಡೆ. ಟ್ರೇಡ್ ಮಾರ್ಕು ಎಂಬ ಮಾತು ನಮ್ಮಲ್ಲಿಗೆ ಬರುವುದಕ್ಕೆ ಶತಮಾನಗಳ ಹಿಂದೆಯೇ ನಮ್ಮ ಹಿರಿಯರು ನೆಲದ ಮೇಲೆ ಒಡೆತನದ ಮುದ್ರೆಯನ್ನು ಒತ್ತಿದ್ದರು. ಓದು ಬಾರದ ಒಕ್ಕಲಿಗನೂ ಆ ಮುದ್ರೆಯನ್ನು ನೋಡಿ ಎಲ್ಲೆ ತಿಳಿಯುತ್ತಿದ್ದನು.

ಮೆಕೆಂಜಿಯ ದೊಡ್ಡಸ್ತಿಕೆಯಿರುವುದು ಇದನ್ನೆಲ್ಲ ಅವನು ಗಮನಿಸಿದುದರಲ್ಲಿ. ಕಂಪನಿ ಕೇಳಿದುದು ನಕ್ಷೆಯನ್ನು. ಅವನು ನಕ್ಷೆಯ ಜೊತೆಗೆ ಊರೂರಿನ ವೃತ್ತಾಂತವನ್ನು ಬರೆಯಿಸಿ ತರಿಸಿದನು. ಈ ಊರನ್ನು ಕಟ್ಟಿಸಿದವರು ಯಾರು, ಯಾವ ಪಾಳೆಯಗಾರನು ಆಳಿದನು, ಯಾವ ಹೊಲ ಯಾರಿಗೆ ಮಾನ್ಯವಾಗಿ ಬಂದಿತು, ಯಾವ ಕೆರೆಯ ನೀರು ಎಲ್ಲಿಯವರೆಗೆ ಹರಿಯುತ್ತದೆ ಎಂಬಂಥ ವಿವರಗಳ ಆ ಬರಹಗಳೇ ಇಂದು ನಮಗೆ ಕೈಫಿಯತ್ತುಗಳೆಂದು ಪರಿಚಿತವಾಗಿವೆ. ಹಂಪಿಯ ಹಾಳನ್ನು ಸುಮಾರು ೧೮೦೦ರಲ್ಲಿ ಮೊದಲಿಗೆ ಅಳೆದು ನಕ್ಷೆ ಬರೆಯಿಸಿದವನೂ ಇವನೇ.

ಕೆಲಸವೇನೋ ಹಿರಿದಾಗಿತ್ತು, ಹಣ ಮಾತ್ರ ಕಿರಿದಾಯಿತು. ಸರ್ವೆ ತೊಡಗಿದ ಕೆಲವೇ ವರ್ಷಗಳಲ್ಲಿ ಲಂಡನ್ನಿನ ನಿರ್ದೇಶಕರು ವೆಚ್ಚವನ್ನು ಕಡಿದರು. ಆಗ ಮೆಕೆಂಜಿಗೆ ಆಧಾರವಾದವರು ಮದ್ರಾಸಿನ ಸರ್ವೆ ಶಾಲೆಯ ಹುಡುಗರು. ಆ ಶಾಲೆ ೧೭೯೪ರಲ್ಲಿ ತೊಡಗಿದ್ದಿತು. ಐರೋಪ್ಯ ತಂದೆ, ಭಾರತೀಯ ತಾಯಿಗೆ ಹುಟ್ಟಿದ, ಅನಾಥಾಲಯದಲ್ಲಿ ಬೆಳೆದ ಬಾಲಕರಿಗೆ ಅಲ್ಲಿ ಅಳತೆ ಕಲಿಸುತ್ತಿದ್ದರು. ಇಂಥವರು ಕಂಪನಿಯ ದೊಡ್ಡ ಹುದ್ದೆಗಳಿಗೆ ಸಲ್ಲರೆಂದು ೧೭೯೧ರಲ್ಲಿಯೇ ಆಜ್ಞೆಯಾಗಿತ್ತು. ಆದ್ದರಿಂದ ಮಲೆನಾಡಿನ ಜ್ವರದಲ್ಲಿ ನರಳುತ್ತ ಕಾಡು ಸುತ್ತಿ ಹಾಳೆ ಹಾಳೆಯಾಗಿ ನಕ್ಷೆ ಬರೆದರೂ ಅವರು ಬಹುಕಾಲ ಸಹಾಯಕರಾಗಿಯೇ ಉಳಿದರು. ಅಳೆಯಲು ಬಲ್ಲವನಾದರೆ ಸಾಲದು, ಸರ್ವೇಯರ್ ಎನ್ನಿಸಿಕೊಳ್ಳಲು ಹುಟ್ಟೂ ಅಡ್ಡ ಬರುತ್ತಿದ್ದ ಕಾಲವದು.

ಬರಹದ ಕಡೆಯಲ್ಲಿ ದುಡಿದವರ ಸಂಗತಿಯೂ ಹೀಗೆಯೇ. ಬೋರಯ್ಯನು ೧೮೦೩ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಅವನ ಸ್ಥಾನಕ್ಕೆ ತಮ್ಮನಾದ ಕಾವಲಿ ವೆಂಕಟ ಲಕ್ಷ್ಮಯ್ಯನು ಬಂದನು. ಚಾಮರಾಜನಗರದ ಬಳಿಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನು ಹಳಗನ್ನಡ ಶಾಸನಗಳನ್ನು ಓದಿ ಹೇಳುತ್ತಿದ್ದನು. ಮುಂದೆ ರಾಜಾವಳೀಕಥೆಯನ್ನು ರಚಿಸಿದ ದೇವಚಂದ್ರನೂ ಅದೇ ಮಲೆಯೂರಿನವನು. ಮೆಕೆಂಜಿಯು ೧೮೦೪ರಲ್ಲಿ ಆ ಕಡೆ ಬಂದಾಗ ಅವನ ಪರಿಚಯವಾಯಿತು. ಊರೂರು ತಿರುಗಿ ಶಾಸನದ ನಕಲು ಮಾಡಿ, ಮುದುಕರ ಬಾಯಿಂದ ಕತೆ ಕೇಳಿ ಬರೆದುಕೊಂಡವರು ಇಂಥ ಪಂಡಿತರು, ಗುಮಾಸ್ತರು. ಊರಿನವರಲ್ಲಿ ಅವರ ಮೇಲೆ ಅನುಮಾನವೂ ಇಲ್ಲದಿರಲಿಲ್ಲ. ಸರಕಾರದ ಕಡೆಯವನೊಬ್ಬನು ಬಂದು ಮಾನ್ಯದ ಹೊಲ ಯಾವುದೆಂದು ಕೇಳಿದರೆ, ಕಂದಾಯ ಹೆಚ್ಚಿಸಲಿಕ್ಕೇ ಬಂದನೆಂದು ಜನ ಅಂಜುವುದು ಸಹಜ.

ಹೀಗೆ ಹತ್ತು ವರ್ಷಗಳ ದುಡಿಮೆಯಲ್ಲಿ ೪೦,೦೦೦ ಚದರ ಮೈಲಿಗೂ ಮಿಕ್ಕಿದ ನಾಡು ಅಳತೆಗೆ ಬಂದಿತು. ನಕ್ಷೆಗಳೊಂದಿಗೆ ಏಳು ದೊಡ್ಡ ಸಂಪುಟಗಳ ವಿವರಣೆ ಸಿದ್ಧವಾಯಿತು. ವೆಚ್ಚ ಕಡಿದ ನಿರ್ದೇಶಕರೇ ೧೮೧೦ರಲ್ಲಿ ಈ ಕೆಲಸವನ್ನು ಮೆಚ್ಚಿ ಬರೆದರು. ಅದೇ ವರ್ಷ ಮೆಕೆಂಜಿಯು ಮದ್ರಾಸಿನ ಸರ್ವೇಯರ್ ಜನರಲ್ ಆದನು. ೧೮೧೧ರಲ್ಲಿ ಜಾವಾ ದ್ವೀಪದ ದಂಡಯಾತ್ರೆಗೆ ಹೋಗಿ ಎರಡು ವರ್ಷ ಅಲ್ಲಿದ್ದು, ಅಲ್ಲಿಯೂ ಹಳೆಯ ಬರಹಗಳನ್ನು ಕೂಡಿಹಾಕಿ, ಮದುವೆಯಾಗಿ ಹಿಂದಿರುಗಿದನು.

ಇನ್ನು ಮುಂಬಯಿಯ ವಿಷಯ. ಆಗ ಕಲಕತ್ತೆ, ಮದ್ರಾಸು, ಮುಂಬಯಿ ಎಂಬ ಮೂರು ಆಧಿಪತ್ಯಗಳಿಗೂ ಒಬ್ಬೊಬ್ಬ ಸರ್ವೇಯರ್ ಜನರಲ್ ಇದ್ದನು. ಮುಂಬಯಿಯಲ್ಲಿ ಮೊದಲು ಚಾರ್ಲ್ಸ್ ರೆನಾಲ್ಡ್ಸ್, ಅವನ ತರುವಾಯ ಮೊನಿಯರ್ ವಿಲಿಯಮ್ಸ್. ಮುಂದೆ ಸಂಸ್ಕೃತ ನಿಘಂಟಿನಿಂದ ಲೋಕಪ್ರಸಿದ್ಧನಾದ ಮೊನಿಯರ್ ವಿಲಿಯಮ್ಸನು ಇವನ ಮಗ. ೧೮೧೯ರಲ್ಲಿ ಮುಂಬಯಿಯಲ್ಲಿಯೇ ಹುಟ್ಟಿದವನು. ಮೂರು ಕಡೆಯ ನಕ್ಷೆಗಳನ್ನು ಒಂದಕ್ಕೊಂದು ಹೊಂದಿಸುವ ಹೊಣೆ ಯಾರ ಮೇಲೂ ಇರಲಿಲ್ಲ. ೧೮೧೫ರಲ್ಲಿ ಕಂಪನಿಯು ಈ ಮೂರು ಹುದ್ದೆಗಳನ್ನು ರದ್ದುಮಾಡಿ, ಭಾರತಕ್ಕೆಲ್ಲ ಒಬ್ಬನೇ ಸರ್ವೇಯರ್ ಜನರಲ್ ಸಾಕೆಂದು ತೀರ್ಮಾನಿಸಿ, ಮೆಕೆಂಜಿಯನ್ನು ನೇಮಿಸಿತು. ಸಿ. ಬಿ. ಎಂಬ ಬಿರುದೂ ಅದೇ ವರ್ಷ ಬಂದಿತು. ಮುಂಬಯಿಯ ಬಿರುದೊಂದು ಅಳಿದು ಕನ್ನಡ ನಾಡಿನ ಅನುಭವಿಯ ಹೆಸರಿಗೆ ಸೇರಿಹೋಯಿತು.

ಹೆಸರು ಹೋದರೂ ಕೆಲಸ ನಿಲ್ಲಲಿಲ್ಲ. ಕ್ಯಾಪ್ಟನ್ ಥಾಮಸ್ ಡಿಕಿನ್‌ಸನ್ ೧೮೧೧ರಿಂದ ತೊಡಗಿ ೧೮೨೭ರವರೆಗೆ ಮುಂಬಯಿ ದ್ವೀಪದ ಕಂದಾಯ ಸರ್ವೆ ನಡೆಸಿದನು. ೧೮೬೫ರಿಂದ ೧೮೭೨ರವರೆಗೆ ಲಾಟನ್ ಎಂಬ ಅಧಿಕಾರಿಯು ನಗರವನ್ನು ಮತ್ತೆ ಅಳೆದನು. ದಕ್ಷಿಣ ಮುಂಬಯಿಯ ಹಳೆಯ ಆಸ್ತಿಗಳ ಖರೀದಿಪತ್ರಗಳಲ್ಲಿ ಲಾಟನ್ ಸರ್ವೆ ನಂಬರು ಎಂಬ ಮಾತು ಇಂದಿಗೂ ಕಣ್ಣಿಗೆ ಬೀಳುತ್ತದೆ. ಮನುಷ್ಯನು ಹೋಗಿ ಒಂದೂವರೆ ಶತಮಾನ ಸಮೀಪಿಸಿದರೂ, ಅವನ ಹೆಸರು ನೆಲದ ಗುರುತಾಗಿ ನಿಂತಿದೆ. ಈಗ ನಗರದೊಳಗೆ ಸಿ. ಎಸ್. ನಂಬರು, ಮುಲುಂಡ, ಗೋರೆಗಾಂವ, ಬೋರಿವಲಿಯಂಥ ಉಪನಗರಗಳಲ್ಲಿ ಸಿ. ಟಿ. ಎಸ್. ನಂಬರು. ನಮ್ಮವರು ಕಷ್ಟಪಟ್ಟು ಕೂಡಿಸಿದ ಹಣದಿಂದ ಕೊಳ್ಳುವ ಎರಡು ಕೋಣೆಯ ಮನೆ ಇಂಥದೊಂದು ನಂಬರಿನ ಮೇಲೆ ನಿಂತಿರುತ್ತದೆ. ಆ ನಂಬರು ತಪ್ಪಾದರೆ ಗೋಡೆ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ಮತ್ತೆ ಮೆಕೆಂಜಿಯ ಕತೆಗೆ ಬರೋಣ. ೧೮೧೬ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಗಾರನು ಅವನ ದೊಡ್ಡ ಚಿತ್ರವೊಂದನ್ನು ಬರೆದನು. ಸಾಮಾನ್ಯವಾಗಿ ಇಂಥ ಚಿತ್ರಗಳಲ್ಲಿ ಸಾಹೇಬನೊಬ್ಬನೇ ಮೆರೆಯುತ್ತಾನೆ. ಇದರಲ್ಲಿ ಮೆಕೆಂಜಿಯ ಜೊತೆಗೆ ಮೂವರು ಭಾರತೀಯರಿದ್ದಾರೆ. ಒಬ್ಬನು ತಾಳೆಗರಿ ಹಿಡಿದ ಜೈನ ಪಂಡಿತ. ಒಬ್ಬನು ಲಕ್ಷ್ಮಯ್ಯನೆಂದು ಹೇಳುತ್ತಾರೆ. ದೂರದರ್ಶಕ ಹಿಡಿದವನು ಜವಾನ ಕೃಷ್ಣಾಜಿ. ಹಿಂದುಗಡೆ ಗುಡ್ಡದ ಮೇಲೆ ನಮ್ಮ ನಾಡಿನ ಗೊಮ್ಮಟ. ಸರ್ವೇಯರ್ ಜನರಲ್ ಎಂಬ ಹೆಸರಿನ ಹಿಂದೆ ಎಷ್ಟು ಜನರ ಕಣ್ಣು, ಕಿವಿ, ಕಾಲು ದುಡಿದಿವೆ ಎಂಬುದನ್ನು ಆ ಚಿತ್ರ ಮುಚ್ಚಿಡಲಿಲ್ಲ.

೧೮೧೭ರಲ್ಲಿ ಹೊಸ ಹುದ್ದೆಯ ಕೆಲಸಕ್ಕಾಗಿ ಮೆಕೆಂಜಿಯು ಕಲಕತ್ತೆಗೆ ಹೋಗಬೇಕಾಯಿತು. ತನ್ನ ಸಂಗ್ರಹವನ್ನೂ ತನ್ನ ಜನರಲ್ಲಿ ಕೆಲವರನ್ನೂ ಕರೆದೊಯ್ದನು. ಅಲ್ಲಿಯ ಹವೆ ಅವನ ಮೈಗೆ ಒಗ್ಗಲಿಲ್ಲ. ಸಂಗ್ರಹವನ್ನು ಕ್ರಮಪಡಿಸಿ ಒಂದು ಗ್ರಂಥ ಬರೆಯಬೇಕೆಂಬ ಆಸೆ ಆಸೆಯಾಗಿಯೇ ಉಳಿಯಿತು. ೧೮೨೧ರ ಮೇ ೮ರಂದು, ಸಮುದ್ರದ ಗಾಳಿಯಿಂದ ಗುಣವಾದೀತೆಂದು ಹೂಗ್ಲಿ ನದಿಯಲ್ಲಿ ದೋಣಿಯ ಮೇಲೆ ಹೋಗುತ್ತಿದ್ದಾಗ ತೀರಿಕೊಂಡನು. ಕಲಕತ್ತೆಯ ಪಾರ್ಕ್ ಸ್ಟ್ರೀಟಿನ ಹಳೆಯ ಸ್ಮಶಾನದಲ್ಲಿ ಅವನ ಸಮಾಧಿಯಿದೆ.

ಅವನು ಬಿಟ್ಟುಹೋದ ಆಸ್ತಿ ಎಂಥದು! ಪಟ್ಟಿ ಮಾಡಿದಾಗ ೧,೫೬೮ ಗ್ರಂಥಗಳು, ೮,೦೭೬ ಶಾಸನಗಳ ಪ್ರತಿಗಳು, ೬,೨೧೮ ನಾಣ್ಯಗಳು, ೨,೬೩೦ ಚಿತ್ರಗಳು. ಇವುಗಳ ಹೊರತು ಎರಡು ಸಾವಿರಕ್ಕೆ ಮಿಕ್ಕಿ ಸ್ಥಳೀಯ ವೃತ್ತಾಂತಗಳು. ಸರಕಾರವು ಇದೆಲ್ಲವನ್ನು ೧೦,೦೦೦ ಪೌಂಡುಗಳಿಗೆ ವಿಧವೆಯಿಂದ ಕೊಂಡಿತು. ೧೮೨೮ರಲ್ಲಿ ಎಚ್. ಎಚ್. ವಿಲ್ಸನ್ ಅದರ ಸೂಚಿಯನ್ನು ಪ್ರಕಟಿಸಿದನು.

ಈ ಭಂಡಾರದ ಒಳಹೊರಗನ್ನು ಬಲ್ಲವನು ಒಬ್ಬನೇ ಉಳಿದಿದ್ದನು, ಅವನು ಲಕ್ಷ್ಮಯ್ಯ. ಯಾವ ಕಟ್ಟಿನಲ್ಲಿ ಯಾವ ಊರಿನ ಕತೆಯಿದೆ, ಅದನ್ನು ತಂದವರು ಯಾರು, ಅದು ನಂಬತಕ್ಕದ್ದೇ ಅಲ್ಲವೇ ಎಂಬುದನ್ನು ಅವನಷ್ಟು ಬಲ್ಲವರು ಬೇರೆ ಇರಲಿಲ್ಲ. ಧಣಿಯ ಕೆಲಸವನ್ನು ತಾನು ಮುಂದುವರಿಸುವೆನೆಂದು ಅವನು ೧೮೩೦ರ ದಶಕದಲ್ಲಿ ಅರಿಕೆ ಮಾಡಿಕೊಂಡನು. ಅರಿಕೆ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಮುಂದೆ ಬಂದಿತು. ಕಾರ್ಯದರ್ಶಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್, ಬ್ರಾಹ್ಮೀ ಲಿಪಿಯನ್ನು ಬಿಡಿಸಿ ಓದಿದ ಆ ಮಹಾವಿದ್ವಾಂಸ, ಇಂಥ ಕೆಲಸಕ್ಕೆ ಒಬ್ಬ ದೇಶೀಯನ ಯೋಗ್ಯತೆ ಸಾಲದೆಂದು ತೀರ್ಪು ಕೊಟ್ಟನು. ಕೆಲಸವು ವಿಲಿಯಂ ಟೇಲರ್ ಎಂಬ ಪಾದ್ರಿಯ ಪಾಲಾಯಿತು. ನಾಲ್ವತ್ತು ವರ್ಷಗಳ ಸಮೀಪದ ಅನುಭವಕ್ಕಿಂತ ಒಂದು ಬಿರುದಿನ ಕೊರತೆ ತೂಕವಾಗಿ ಕಂಡಿತು.

ಇದರಲ್ಲಿ ಮೆಕೆಂಜಿಯ ತಪ್ಪನ್ನು ಹುಡುಕುವುದು ನಮ್ಮ ಉದ್ದೇಶವಲ್ಲ. ಬೋರಯ್ಯನು ತನಗೆ ಭಾರತದ ಬಾಗಿಲನ್ನು ತೆರೆದುಕೊಟ್ಟನೆಂದು ಅವನು ಕೃತಜ್ಞತೆಯಿಂದ ಬರೆದಿದ್ದಾನೆ. ತನ್ನ ಜನರ ಹೆಸರುಗಳನ್ನು ತನ್ನ ಕಾಗದಪತ್ರಗಳಲ್ಲಿ ಉಳಿಸಿದ್ದಾನೆ. ಅವು ಉಳಿದುದರಿಂದಲೇ ಇಂದು ನಾವು ಧರ್ಮಯ್ಯನನ್ನೂ ಲಕ್ಷ್ಮಯ್ಯನನ್ನೂ ಬಲ್ಲೆವು. ಬಿರುದು ಹಂಚಿಕೊಳ್ಳುವುದು ಅವನ ಕೈಯಲ್ಲಿರಲಿಲ್ಲ. ಹೆಸರು ಹೇಳುವುದು ಅವನ ಕೈಯಲ್ಲಿದ್ದಿತು; ಅಷ್ಟನ್ನು ಅವನು ಮಾಡಿದನು.

ಕನ್ನಡದ ಕೈಫಿಯತ್ತುಗಳು ಬಹುಕಾಲ ಮದ್ರಾಸಿನ ಹಸ್ತಪ್ರತಿ ಭಂಡಾರದಲ್ಲಿ ಮಲಗಿದ್ದುವು. ಡಾ. ಎಂ. ಎಂ. ಕಲಬುರ್ಗಿಯವರು ಅವುಗಳನ್ನು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಬೆಳಕಿಗೆ ತಂದರು. ಮೆಕೆಂಜಿಯು ಅಳೆದ ಹಂಪಿಯಲ್ಲಿಯೇ, ಅವನ ಗುಮಾಸ್ತರು ಕೂಡಿಸಿದ ಬರಹಗಳು ಕನ್ನಡಿಗರ ಕೈಯಿಂದ ಕನ್ನಡದ ಪುಸ್ತಕವಾದುವು. ಲಕ್ಷ್ಮಯ್ಯನಿಗೆ ನಿರಾಕರಿಸಿದ ಯೋಗ್ಯತೆಯನ್ನು ಕಾಲವೇ ಅವನ ನಾಡಿನವರಿಗೆ ಒಪ್ಪಿಸಿತು.

ಮುಂಬಯಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಎಂಜಿನಿಯರರು, ವಾಸ್ತುಶಿಲ್ಪಿಗಳು, ಸರ್ವೇಯರರು, ಆಸ್ತಿಯ ಬೆಲೆ ಕಟ್ಟುವವರು ಆಗುವವರಿದ್ದಾರೆ. ಪರೀಕ್ಷೆ ಪಾಸು ಮಾಡಿ, ನೋಂದಣಿ ಪಡೆದು, ಹೆಸರಿನ ಮುಂದೆ ನಾಲ್ಕಕ್ಷರ ಸೇರಿಸಿಕೊಳ್ಳಲಿ, ಅದು ಬೇಕು. ಬಿರುದಿಲ್ಲದವನ ಗತಿ ಏನಾಯಿತೆಂಬುದನ್ನು ಲಕ್ಷ್ಮಯ್ಯನ ಕತೆ ಹೇಳುತ್ತದೆ. ಆದರೆ ಎಲ್ಲೆಯ ಕಲ್ಲನ್ನು ತೋರಿಸಿಕೊಟ್ಟ ತೋಟಿಯನ್ನೂ, ಸರಪಳಿ ಎಳೆದ ಆಳನ್ನೂ ಹೆಸರು ಹಿಡಿದು ಕರೆಯುವ ಸೌಜನ್ಯ ಅವರಲ್ಲಿರಲಿ. ತಮ್ಮ ಅಡ್ಡಹೆಸರು ಕುಲಕರ್ಣಿಯೋ ಶಾನುಭಾಗವೋ ಆಗಿದ್ದರೆ, ಅದು ಯಾವ ಕೆಲಸದಿಂದ ಬಂದುದೆಂಬುದನ್ನು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಲಿ. ನಾಡು ಒಂದಾದ ದಿನವನ್ನು ನೆನೆಯುವ ಈ ಹಬ್ಬದಲ್ಲಿ, ಅದರ ಎಲ್ಲೆಗಳನ್ನು ಬಲ್ಲವರಾಗಿದ್ದ ಹೆಸರಿಲ್ಲದ ನೂರಾರು ಜನರಿಗೂ ನಮ್ಮ ನಮಸ್ಕಾರ ಸಲ್ಲಬೇಕು.